ಕಿರ್ಸ್ಟೆನ್‌ಬಾಶ್ ವನದಲ್ಲಿ ಬಂದರಿಕೆಯ ಗಿಡ

ಕಳೆದೆರಡು ಸಂಚಿಕೆಗಳಲ್ಲಿ ಈ ಪುಟ ಬರಿದಾಗಿದ್ದುದನ್ನು ಕಂಡು ಹಲವು ಓದುಗ ಬಾಂಧವರು ಪತ್ರ ಬರೆದು ನಮ್ಮ ಕ್ಷೇಮವನ್ನು ವಿಚಾರಿಸಿದ್ದಾರೆ. ಅವರೆಲ್ಲರ ಅಂತಃಕರಣಕ್ಕೆ ಶರಣು. ನಾವು ಆರೋಗ್ಯವಾಗಿದ್ದೇವೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರದಲ್ಲಿ ಉದ್ಯೋಗದ ನಿಮಿತ್ತ ನೆಲೆಸಿರುವ ನಮ್ಮ ತಮ್ಮನ ಮಗನಿಗೆ ಗಂಡು ಕೂಸು ಹುಟ್ಟಿತು. ತೊಟ್ಟಿಲ ಕಾರ್ಯಕ್ಕೆ ಮನೆಯ ಹಿರಿಯರೊಬ್ಬರಾದರೂ ಬರಲೇಬೇಕೆಂದು ಅವನು ಹಟ ಹಿಡಿದನು. ತಮ್ಮನಿಗೆ ವಿಮಾನವೆಂದರೆ ಭಯ. ಹೀಗಾಗಿ ಅರವತ್ತು ದಾಟಿದ ಈ ವಯಸ್ಸಿನಲ್ಲಿ ಕಡಲು ದಾಟುವ ಭಾಗ್ಯ ನಮ್ಮ ಪಾಲಿಗೆ ಬಂದಿತು.

ಹೊರನಾಡಿಗೆ ಹೋಗಿ ಬಂದವರು ಅಲ್ಲಿನ ರಸ್ತೆ, ಅಂಗಡಿ, ಶಿಸ್ತು, ಸ್ವಚ್ಛತೆಗಳನ್ನು ವರ್ಣಿಸಿ ನಮ್ಮವರನ್ನು ಹಳಿಯುವುದು ವಾಡಿಕೆ. ಆ ಕೆಲಸವನ್ನು ಮಾಡುವ ಇಚ್ಛೆ ನಮಗಿಲ್ಲ. ಅಲ್ಲಿ ಕಂಡ ಒಂದೇ ಒಂದು ಸ್ಥಳದ ವಿಷಯವನ್ನು ಮಾತ್ರ ಈ ತಿಂಗಳು ಅರುಹುತ್ತೇವೆ. ಆ ಸ್ಥಳದಲ್ಲಿ ನಮಗೆ ಆನಂದವೂ ಆಯಿತು, ನಾಚಿಕೆಯೂ ಆಯಿತು. ನಾಚಿಕೆಯ ಕಾರಣವನ್ನು ಮುಂದೆ ಹೇಳುತ್ತೇವೆ.

ಕೇಪ್‌ಟೌನ್ ನಗರದ ನೆತ್ತಿಯ ಮೇಲೆ ಮೇಜಿನಂತೆ ಚಪ್ಪಟೆಯಾದ ಒಂದು ಬೆಟ್ಟವಿದೆ. ಟೇಬಲ್ ಮೌಂಟನ್ ಎಂದೇ ಅದರ ಹೆಸರು. ಗಾಳಿ ಬೀಸಿದಾಗ ಅದರ ಮೇಲೆ ಬಿಳಿಯ ಮೋಡ ಹಾಸಿಕೊಂಡು, ಮೇಜಿನ ಮೇಲೆ ಮಡಿ ವಸ್ತ್ರ ಹೊದಿಸಿದಂತೆ ಅಂಚಿನಿಂದ ಇಳಿಬೀಳುತ್ತದೆ. ಆ ಬೆಟ್ಟದ ಪೂರ್ವದ ಇಳಿಜಾರಿನಲ್ಲಿ ಕಿರ್ಸ್ಟೆನ್‌ಬಾಶ್ ಎಂಬ ಸಸ್ಯೋದ್ಯಾನವಿದೆ. 1913ರಲ್ಲಿ ಅದು ಸ್ಥಾಪನೆಯಾಯಿತು. ಒಂದು ದೇಶದ ಸ್ವಂತ ನೆಲದ ಗಿಡಮರಗಳನ್ನು ಮಾತ್ರ ಬೆಳೆಸಿ ಕಾಪಾಡುವುದಕ್ಕಾಗಿಯೇ ಕಟ್ಟಿದ ಉದ್ಯಾನಗಳಲ್ಲಿ ಜಗತ್ತಿಗೇ ಇದು ಮೊದಲನೆಯದೆಂಬ ಕೀರ್ತಿ ಇದಕ್ಕಿದೆ. ಒಟ್ಟು ಭೂಮಿ 528 ಹೆಕ್ಟೇರು. ಅದರಲ್ಲಿ ಕೈಯಿಂದ ನೆಟ್ಟು ಬೆಳೆಸಿದ ತೋಟ ಸುಮಾರು 36 ಹೆಕ್ಟೇರು, ಎಂದರೆ ನಮ್ಮ ಲೆಕ್ಕದಲ್ಲಿ ತೊಂಬತ್ತು ಎಕರೆಯ ಆಸುಪಾಸು. ಮಿಕ್ಕದ್ದೆಲ್ಲ ಬೆಟ್ಟದ ತುದಿಯವರೆಗೂ ಸಹಜವಾಗಿ ಬೆಳೆದ ಕಾಡು.

ನಾವು ಹೋದದ್ದು ಸೆಪ್ಟೆಂಬರ್ ತಿಂಗಳಿನಲ್ಲಿ. ನಮ್ಮಲ್ಲಿ ಭಾದ್ರಪದದ ಮಳೆ, ಅವರಲ್ಲಿ ವಸಂತ ಋತು. ಭೂಮಧ್ಯರೇಖೆಯ ಆಚೆಗೆ ಋತುಗಳು ತಿರುವುಮುರುವು ಎಂದು ಪುಸ್ತಕದಲ್ಲಿ ಓದಿದ್ದೆವು. ಕಣ್ಣಾರೆ ಕಂಡಾಗ ಮಾತ್ರ ನಂಬಿಕೆ ಬಂದಿತು. ಬಾಗಿಲಲ್ಲಿ ಟಿಕೆಟು ಕೊಂಡು ಒಳಗೆ ಕಾಲಿಟ್ಟೊಡನೆ ಎದುರಿಗೆ ಹುಲ್ಲುಹಾಸು, ಅದರಾಚೆ ಬಣ್ಣ ಬಣ್ಣದ ಹೂವಿನ ಪಟ್ಟೆ, ಅದರ ಹಿಂದೆ ಗೋಡೆಯಂತೆ ಎದ್ದು ನಿಂತ ಬೆಟ್ಟ.

ದಾರಿಯಲ್ಲಿ ಉದುರಿ ಬಿದ್ದಿದ್ದ ಒಂದು ಹೂವನ್ನು ಎತ್ತಿಕೊಳ್ಳಲು ನಾವು ಬಗ್ಗಿದೆವು. ಮರುದಿನದ ಪೂಜೆಗೆ ಆದೀತೆಂಬ ಆಸೆ. ಮನೆಯ ಸುತ್ತ ನಾಲ್ಕು ದಿನಗಳಿಂದ ಒಂದು ಹೂವೂ ದೊರೆತಿರಲಿಲ್ಲ.

"ದೊಡ್ಡಪ್ಪಾ, ಮುಟ್ಟಬ್ಯಾಡ್ರಿ. ಇಲ್ಲೆ ಬಿದ್ದದ್ದನ್ನೂ ತಗೊಂಡ್ ಹೋಗೂ ಹಂಗಿಲ್ಲ" ಎಂದು ಹುಡುಗನು ಅವಸರದಿಂದ ಹೇಳಿದನು.

"ಬಿದ್ದ ಹೂವಿಗೂ ಕಾವಲೇನಪ್ಪಾ?" ಎಂದೆವು. ಬೀಜವೂ ಹೂವಿನೊಡನೆಯೇ ಇರುತ್ತದೆಂಬ ವಿಚಾರ ನಮಗೆ ಹೊಳೆದದ್ದು ಮಧ್ಯಾಹ್ನದ ಹೊತ್ತಿಗೆ.

ಆ ಉದ್ಯಾನದಲ್ಲಿ ಸಂಬಳ ಪಡೆಯದೆ ಸೇವೆಯೆಂದು ದಾರಿ ತೋರಿಸುವ ಹಿರಿಯರಿದ್ದಾರೆ. ನಮಗೆ ದೊರೆತವರು ನಮ್ಮದೇ ವಯಸ್ಸಿನ ಒಬ್ಬ ತಾಯಿ. ನಿವೃತ್ತ ಶಾಲಾ ಶಿಕ್ಷಕಿ. ಅವರ ಇಂಗ್ಲಿಷಿನ ಉಚ್ಚಾರ ನಮಗೆ ಅರ್ಧ ತಿಳಿಯಿತು, ಅರ್ಧವನ್ನು ಹುಡುಗನು ತಿಳಿಸಿಕೊಟ್ಟನು. ಅವರು ಮೊದಲಿಗೆ ಹೇಳಿದ್ದು ಉದ್ಯಾನದ ಸ್ಥಾಪಕನ ಕಥೆ.

ಹೆರಾಲ್ಡ್ ಪಿಯರ್ಸನ್ ಎಂಬ ಸಸ್ಯಶಾಸ್ತ್ರಜ್ಞನು ಇಂಗ್ಲೆಂಡಿನಿಂದ 1903ರಲ್ಲಿ ಕೇಪ್‌ಟೌನಿಗೆ ಪ್ರಾಧ್ಯಾಪಕನಾಗಿ ಬಂದನು. ಈ ಭೂಮಿಯನ್ನು ಸಿಸಿಲ್ ರೋಡ್ಸ್ ಎಂಬ ಸಿರಿವಂತ ರಾಜಕಾರಣಿ 1895ರಲ್ಲಿ ಕೊಂಡಿದ್ದನು. 1902ರಲ್ಲಿ ಅವನು ತೀರಿಕೊಂಡಾಗ ಅದು ಮೃತ್ಯುಪತ್ರದ ಮೂಲಕ ಸರಕಾರದ ವಶಕ್ಕೆ ಬಂದಿತು. ನೋಡುವವರಿಲ್ಲದೆ ಕಳೆ ಬೆಳೆದು, ಹಂದಿಗಳು ಹಿಂಡು ಹಿಂಡಾಗಿ ತಿರುಗುತ್ತಿದ್ದ ಪಾಳುಭೂಮಿ ಅದು. ಪಿಯರ್ಸನ್ 1911ರಲ್ಲಿ ಅದನ್ನು ಕಂಡು, ಉದ್ಯಾನಕ್ಕೆ ಇದೇ ತಕ್ಕ ಸ್ಥಳವೆಂದು ನಿಶ್ಚಯಿಸಿದನು. ಸರಕಾರ ವರ್ಷಕ್ಕೆ ಕೊಟ್ಟದ್ದು ಒಂದು ಸಾವಿರ ಪೌಂಡು. ನಿರ್ದೇಶಕನಿಗೆ ಸಂಬಳವೆಂದು ಒಂದು ಕಾಸೂ ಇರಲಿಲ್ಲ. ಸೌದೆ ಮಾರಿ, ಓಕ್ ಮರದ ಕಾಯಿ ಮಾರಿ ಕೊರತೆ ತುಂಬಿಕೊಂಡರಂತೆ. ಕೆಲಸ ಆರಂಭವಾದ ಮೂರೇ ವರ್ಷಕ್ಕೆ, 1916ರಲ್ಲಿ, ನ್ಯುಮೋನಿಯಾ ಬೇನೆಯಿಂದ ಅವನು ತೀರಿಕೊಂಡನು. ಆಗ ವಯಸ್ಸು ನಲವತ್ತಾರು. ಸಮಾಧಿ ಆ ವನದೊಳಗೇ ಇದೆ. ಅವನು ನೆಡಿಸಿದ ಸೈಕಾಡ್ ಗಿಡಗಳು ಇಂದಿಗೂ ಅಲ್ಲಿವೆ. ನಾವು ಆ ಸಮಾಧಿಯ ಮುಂದೆ ಕೆಲಹೊತ್ತು ನಿಂತೆವು. ಪರನಾಡಿನಿಂದ ಬಂದ ಮನುಷ್ಯನಿಗೆ ಆ ನಾಡಿನ ಪೊದೆಗಳ ಬೆಲೆ ತಿಳಿಯಿತು. ಅಲ್ಲಿಯೇ ಹುಟ್ಟಿದವರಲ್ಲಿ ಎಷ್ಟು ಜನರಿಗೆ ಆಗ ತಿಳಿದಿತ್ತೋ!

ಪೊದೆ ಎಂಬ ಮಾತನ್ನು ಬೇಕೆಂದೇ ಬರೆದಿದ್ದೇವೆ. ಆ ಪ್ರಾಂತದ ಮುಖ್ಯ ಸಸ್ಯಸಂಪತ್ತು ಮುಗಿಲು ಮುಟ್ಟುವ ಮರಗಳದಲ್ಲ. 'ಫೈನ್‌ಬಾಸ್' ಎಂದು ಅದನ್ನು ಕರೆಯುತ್ತಾರೆ. ಅಲ್ಲಿನ ಆಫ್ರಿಕಾನ್ಸ್ ಭಾಷೆಯಲ್ಲಿ ಸಣ್ಣೆಲೆಯ ಕುರುಚಲು ಎಂದೇ ಅದರ ಅರ್ಥ. ಮೊಣಕಾಲೆತ್ತರ, ಸೊಂಟದೆತ್ತರ, ಹೆಚ್ಚೆಂದರೆ ಆಳೆತ್ತರ. ಸೂಜಿಯಂಥ ಎಲೆಯ ಎರಿಕಾ, ಜೊಂಡಿನಂಥ ರೆಸ್ಟಿಯೋ, ದಪ್ಪ ತೊಗಲಿನಂಥ ಎಲೆಯ ಪ್ರೋಟಿಯಾ. ದೂರದಿಂದ ನೋಡಿದರೆ ಮೇಯಲು ಬಿಟ್ಟ ಬೋಳುಗುಡ್ಡದಂತೆ ಕಾಣುತ್ತದೆ. ಆದರೆ ಆ ಸಣ್ಣ ಪ್ರಾಂತದಲ್ಲಿ, ಸುಮಾರು 90 ಸಾವಿರ ಚದರ ಕಿಲೋಮೀಟರುಗಳಲ್ಲಿ, 9 ಸಾವಿರದಷ್ಟು ಜಾತಿಯ ಹೂಬಿಡುವ ಸಸ್ಯಗಳಿವೆ. ಅವುಗಳಲ್ಲಿ ಶೇಕಡಾ 70ರಷ್ಟು ಭೂಮಿಯ ಮೇಲೆ ಬೇರೆಲ್ಲಿಯೂ ತಾವಾಗಿ ಬೆಳೆಯುವುದಿಲ್ಲ. ನಮ್ಮ ಕರ್ನಾಟಕದ ಅರ್ಧಕ್ಕಿಂತ ಕಡಿಮೆ ವಿಸ್ತೀರ್ಣದ ನೆಲವದು. 2004ರಲ್ಲಿ ಆ ಪ್ರಾಂತದ ಕೆಲವು ಭಾಗಗಳನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿದಾಗ ಈ ಉದ್ಯಾನವನ್ನೂ ಅದರೊಳಗೆ ಸೇರಿಸಿದರು.

ಪ್ರೋಟಿಯಾಗಳಲ್ಲಿ ದೊಡ್ಡದಾದ 'ಕಿಂಗ್ ಪ್ರೋಟಿಯಾ' ಆ ದೇಶದ ರಾಷ್ಟ್ರಪುಷ್ಪ. ಪೂಜೆಯ ತಟ್ಟೆಯಷ್ಟು ಅಗಲ, ನಮ್ಮ ಕಮಲದ ಆಕಾರ, ತಿಳಿಗುಲಾಬಿ ಬಣ್ಣ. ಬೆಳ್ಳಿಮರವೆಂಬ ಇನ್ನೊಂದು ಜಾತಿಯಿದೆ. ಎಲೆಗಳ ಮೇಲೆ ನವಿರಾದ ರೋಮವಿದ್ದು ಬಿಸಿಲಿಗೆ ಥಳಥಳಿಸುತ್ತದೆ. ಈ ಮರಕ್ಕೆ ತವರು ಟೇಬಲ್ ಮೌಂಟನ್ ಮತ್ತು ಅದರ ನೆರೆಹೊರೆ ಮಾತ್ರ.

ಇಷ್ಟೆಲ್ಲ ಅಪರೂಪದ ನಡುವೆ ಪರಿಚಿತ ಮುಖಗಳೂ ಎದುರಾದವು. ನಮ್ಮ ಪೇಟೆಯ ಮನೆಗಳ ಮುಂದೆ ಕುಂಡದಲ್ಲಿ ಕೆಂಪಗೆ ಅರಳುವ ಜಿರೇನಿಯಂ ಇದೆಯಲ್ಲ, ಅದರ ಮೂಲ ಜಾತಿಗಳು ಅಲ್ಲಿನ ಗುಡ್ಡದ ಕಲ್ಲುಸಂದಿಯ ಗಿಡಗಳು. ಈಗೀಗ ನಮ್ಮವರ ಲಗ್ನದ ಮಂಟಪಗಳಲ್ಲೆಲ್ಲ ಮಲ್ಲಿಗೆ ಸೇವಂತಿಗೆಗಳನ್ನು ಹಿಂದೆ ತಳ್ಳಿ ಮೆರೆಯುತ್ತಿರುವ ಜರ್ಬೇರಾ ಹೂವಿನ ಒಂದು ಮೂಲವೂ ದಕ್ಷಿಣ ಆಫ್ರಿಕಾವೇ. ಗ್ಲಾಡಿಯೋಲಸ್ ಹೂವಿಗೂ ಆ ನಾಡಿನಲ್ಲಿ ಬಳಗ ದೊಡ್ಡದು. ಅವರ ಬೆಟ್ಟದ ಕಾಡುಗಿಡ ನಮ್ಮಲ್ಲಿ ಬಾಡಿಗೆಯ ಅಲಂಕಾರವಾಯಿತು. ನಮ್ಮ ಬೆಟ್ಟದ ಗಿಡ ಏನಾಯಿತೆಂಬುದನ್ನು ಹೇಳುವ ಕಾಲ ಹತ್ತಿರ ಬರುತ್ತಿದೆ.

ಆ ತಾಯಿಯವರು ನಿಂತು ವಿವರಿಸಿದ ಸಂಗತಿಗಳಲ್ಲಿ ಬೆಂಕಿಯ ವಿಷಯ ನಮ್ಮ ಮನಸ್ಸನ್ನು ಬಹಳವಾಗಿ ಹಿಡಿಯಿತು. ಈ ಕುರುಚಲು ಹತ್ತು ಹದಿನೈದು ವರ್ಷಗಳಿಗೊಮ್ಮೆ ಸುಡಬೇಕು. ಸುಟ್ಟರೇ ಅದಕ್ಕೆ ಮರುಹುಟ್ಟು. ಕೆಲವು ಪ್ರೋಟಿಯಾಗಳು ತಮ್ಮ ಬೀಜವನ್ನು ಗಟ್ಟಿ ಗೂಡಿನೊಳಗೆ ವರ್ಷಗಟ್ಟಲೆ ಬಿಗಿಹಿಡಿದಿದ್ದು, ತಾಯಿಗಿಡ ಸುಟ್ಟ ಮೇಲೆ ಮಾತ್ರ ಬಿಡುತ್ತವೆ. ಇನ್ನು ಕೆಲವು ಬೀಜಗಳಿಗೆ ಉರಿಯ ಕಾವಲ್ಲ, ಹೊಗೆ ಬೇಕು. ಹೊಗೆಯೊಳಗಿನ ದ್ರವ್ಯವು ಮಳೆನೀರಿನಲ್ಲಿ ಕರಗಿ ಬೀಜಕ್ಕೆ ತಗುಲಿದಾಗ ಅದು ಎಚ್ಚರಗೊಳ್ಳುತ್ತದೆ. ಬಹುಕಾಲ ಎಷ್ಟು ಪ್ರಯತ್ನಿಸಿದರೂ ಮೊಳೆಯದಿದ್ದ ಬೀಜಗಳ ಈ ಗುಟ್ಟನ್ನು ಅದೇ ಉದ್ಯಾನದ ಸಂಶೋಧಕರು ಕಂಡುಹಿಡಿದು 1990ರಲ್ಲಿ ಪ್ರಕಟಿಸಿದರು. ಹೊಗೆಯನ್ನು ನೀರಿನಲ್ಲಿ ಹಾಯಿಸಿ, ಆ ನೀರನ್ನು ಕಾಗದಕ್ಕೆ ಹೀರಿಸಿ ಒಣಗಿಸಿ, ಬೀಜ ನೆನೆಸಲು ಮಾರುತ್ತಾರೆ. ನಮ್ಮ ಅಜ್ಜಿ ಬೀಜದ ಜೋಳದ ತೆನೆಗಳನ್ನು ಒಲೆಯ ಮೇಲಿನ ಜಂತಿಗೆ ಕಟ್ಟುತ್ತಿದ್ದುದು ನಮಗೆ ನೆನಪಾಯಿತು. ಅದು ಹುಳು ಬಾರದಿರಲೆಂದು ಮಾಡಿದ್ದು, ಎರಡೂ ಒಂದೇ ಎಂದು ಹೇಳುವ ಸಾಹಸ ಬೇಡ. ಆದರೂ ಹೊಗೆಯ ವಾಸನೆಯಿಂದ ಅಜ್ಜಿ ನೆನಪಾದದ್ದು ನಿಜ.

ಬೆಂಕಿಯನ್ನು ಹೊಗಳುವಾಗ ಇನ್ನೊಂದನ್ನೂ ಹೇಳಬೇಕು. 2021ರ ಏಪ್ರಿಲಿನಲ್ಲಿ ಅದೇ ಬೆಟ್ಟದ ಮಗ್ಗುಲಲ್ಲಿ ಎದ್ದ ಬೆಂಕಿ ಕೇಪ್‌ಟೌನ್ ವಿಶ್ವವಿದ್ಯಾಲಯದವರೆಗೆ ಇಳಿದು, ಜ್ಯಾಗರ್ ಗ್ರಂಥಾಲಯದ ವಾಚನಾಲಯವನ್ನು ಸುಟ್ಟುಹಾಕಿತು. ಆಫ್ರಿಕಾ ಖಂಡಕ್ಕೆ ಸಂಬಂಧಿಸಿದ ಅಪರೂಪದ ಗ್ರಂಥಗಳು ಬೂದಿಯಾದವು. ಬೀಜಕ್ಕೆ ಬೆಂಕಿ ಬೇಕಾದೀತು, ಪುಸ್ತಕಕ್ಕೆ ಬೇಡ. ತಾಡವೋಲೆಗಳನ್ನು ಗೆದ್ದಲಿನಿಂದ ಬಿಡಿಸುವುದರಲ್ಲಿ ಯೌವನ ಕಳೆದ ನಮಗೆ ಈ ಸುದ್ದಿ ಹೊಟ್ಟೆಯಲ್ಲಿ ಕಲಸಿದಂತಾಯಿತು.

ಇರುವೆಗಳ ಕಥೆಯೂ ಸ್ವಾರಸ್ಯವಾದದ್ದು. ಅಲ್ಲಿನ ಅನೇಕ ಗಿಡಗಳು ತಮ್ಮ ಬೀಜದ ತುದಿಗೆ ಎಣ್ಣೆಯ ಜಿಡ್ಡಿರುವ ಒಂದು ತುತ್ತನ್ನು ಅಂಟಿಸಿರುತ್ತವೆ. ಇರುವೆಗಳು ಬೀಜವನ್ನು ಗೂಡಿಗೆ ಎಳೆದೊಯ್ದು ಆ ತುತ್ತನ್ನು ತಿಂದು ಬೀಜವನ್ನು ನೆಲದೊಳಗೆ ಬಿಡುತ್ತವೆ. ಇಲಿಯ ಬಾಯಿಗೂ ಸಿಕ್ಕದೆ, ಬೆಂಕಿಗೂ ಸಿಕ್ಕದೆ ಬೀಜ ಕಾದು ಕುಳಿತಿರುತ್ತದೆ. ಆದರೆ ಅರ್ಜೆಂಟೈನಾದಿಂದ ಹಡಗಿನ ಸರಕಿನೊಡನೆ ಬಂದ ಪರದೇಶಿ ಇರುವೆಗಳು ಹಳೆಯವನ್ನು ಓಡಿಸಿ ನೆಲೆಸಿವೆ. ಅವು ತುತ್ತನ್ನು ತಿನ್ನುತ್ತವೆ, ಬೀಜವನ್ನು ಮೇಲೆಯೇ ಬಿಡುತ್ತವೆ. ಊಟ ಉಂಡು ಕೆಲಸ ಮಾಡದವರು!

ಸೈಕಾಡ್‌ಗಳ ನಡುವೆ ಕಬ್ಬಿಣದ ಪಂಜರದೊಳಗೆ ಒಂದು ಗಿಡವಿತ್ತು. ಈಚಲ ಮರದಂತೆ ಕಾಣುವ ಅದರ ಹೆಸರು ಎನ್‌ಸೆಫಲಾರ್ಟಸ್ ವುಡಿ. 1895ರಲ್ಲಿ ಮೆಡ್ಲಿ ವುಡ್ ಎಂಬ ಸಸ್ಯಶಾಸ್ತ್ರಜ್ಞನು ನಟಾಲ್ ಪ್ರಾಂತದ ಕಾಡಿನಲ್ಲಿ ಇದರ ಒಂದೇ ಒಂದು ಬುಡವನ್ನು ಕಂಡನು. ಸೈಕಾಡ್‌ಗಳಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಅವನಿಗೆ ಸಿಕ್ಕದ್ದು ಗಂಡು. ಅಂದಿನಿಂದ ಇಂದಿನವರೆಗೆ ಹೆಣ್ಣು ಗಿಡ ಸಿಕ್ಕಿಲ್ಲ. ಜಗತ್ತಿನ ತೋಟಗಳಲ್ಲಿ ಇರುವವೆಲ್ಲ ಆ ಒಂದರ ಬುಡದಿಂದ ಕಿತ್ತು ನೆಟ್ಟ ಮರಿಗಳು. ಕಾಡಿನಲ್ಲಿ ಈಗ ಒಂದೂ ಇಲ್ಲ. ಪಂಜರ ಹಾಕಿರುವುದು ಕಳ್ಳರ ಭಯಕ್ಕೆ. ಬೀಜವಿಲ್ಲದೆ, ಸಂತತಿಯಿಲ್ಲದೆ, ಶತಮಾನ ದಾಟಿ ನಿಂತ ಆ ಗಿಡವನ್ನು ಕಂಡು ಹುಡುಗನು ಮಾತಾಡಲಿಲ್ಲ. ಅವನ ಕಂಕುಳಲ್ಲಿ ಕೂಸು ನಿದ್ದೆ ಮಾಡುತ್ತಿತ್ತು.

ಕುರುಡರಿಗಾಗಿ ಮಾಡಿದ ಕಾಲುದಾರಿಯನ್ನೂ ನೋಡಿದೆವು. ಉದ್ದಕ್ಕೂ ಹಗ್ಗ ಕಟ್ಟಿದ್ದಾರೆ. ಅದನ್ನು ಹಿಡಿದು ನಡೆದರೆ ಅಲ್ಲಲ್ಲಿ ಬ್ರೈಲ್ ಅಕ್ಷರದ ಫಲಕಗಳು ಕೈಗೆ ಸಿಕ್ಕುತ್ತವೆ. ಹತ್ತಿರದಲ್ಲಿಯೇ ಸುವಾಸನೆಯ ಗಿಡಗಳ ಪಾತಿ, ಎಲೆ ಸವರಿ ಮೂಸಿ ನೋಡಲು. 2014ರಲ್ಲಿ ಶತಮಾನೋತ್ಸವದ ನೆನಪಿಗೆ ಮರಗಳ ತುದಿಯ ಮೇಲೆ 130 ಮೀಟರ್ ಉದ್ದದ ಬಳುಕುವ ಉಕ್ಕಿನ ಸೇತುವೆಯೊಂದನ್ನು ಕಟ್ಟಿದ್ದಾರೆ. 'ಬೂಮ್‌ಸ್ಲಾಂಗ್', ಎಂದರೆ ಮರಹಾವು, ಎಂದು ಅದರ ಹೆಸರು. ಜನರೆಲ್ಲ ಅದಕ್ಕೇ ಮುಗಿಬೀಳುತ್ತಾರೆ. ನಮಗೆ ಮಂಡಿನೋವು, ಅಲುಗುವುದರ ಮೇಲೆ ನಡೆಯುವ ಹುರುಪಿಲ್ಲ. ಅರ್ಧಕ್ಕೆ ಹೋಗಿ ಹಿಂದಿರುಗಿದೆವು.

ಇನ್ನೊಂದು ಕಡೆ ಕಾಡುಬಾದಾಮಿಯ ಹಳೆಯ ಬೇಲಿಯಿದೆ. ಡಚ್ಚರು 1652ರಲ್ಲಿ ಅಲ್ಲಿ ಬಂದಿಳಿದು ಹಡಗಿನವರಿಗೆ ಕಾಯಿಪಲ್ಲೆ ಬೆಳೆಯಲು ತೋಟ ಹಾಕಿದರು. ಅಲ್ಲಿನ ಮೂಲನಿವಾಸಿಗಳಾದ ಖೋಯಿ ದನಗಾಹಿಗಳು ತಮ್ಮ ಹಿಂಡನ್ನು ಹಿಂದಿನಿಂದಲೂ ಮೇಯಿಸುತ್ತಿದ್ದ ನೆಲವದು. 1660ರಲ್ಲಿ ಡಚ್ಚರ ಮುಖಂಡ ಯಾನ್ ವಾನ್ ರೀಬೆಕ್ ಅವರನ್ನು ಹೊರಗಿಡಲು ಈ ಬೇಲಿಯನ್ನು ನೆಡಿಸಿದನು. ಅದರ ಕೆಲವು ಬುಡಗಳು ಇಂದಿಗೂ ಚಿಗುರುತ್ತಿವೆ. ನೆಲದ ಗಿಡವನ್ನೇ ನೆಟ್ಟು ನೆಲದ ಮಕ್ಕಳನ್ನು ಹೊರಗೆ ಹಾಕಿದ ಬೇಲಿ. ಆ ತಾಯಿಯವರು ಇದನ್ನು ಮುಚ್ಚಿಡದೆ ಹೇಳಿದರು.

ಈಗ ನಮ್ಮ ನಾಚಿಕೆಯ ಸಂಗತಿ.

ಔಷಧೀಯ ಗಿಡಗಳ ಪಾತಿಗಳನ್ನು ನೋಡಿ ಸ್ವಲ್ಪ ಮುಂದೆ ಬಂದಾಗ ಒಂದು ಪೊದೆಯ ಮುಂದೆ ನಮ್ಮ ಕಾಲು ತಾನಾಗಿ ನಿಂತಿತು. ಉದ್ದನೆಯ ಕಿರಿದಾದ ಎಲೆ, ಮೇಲೆ ಅಂಟುಅಂಟಾದ ಹೊಳಪು. ಗೊಂಚಲು ಗೊಂಚಲಾಗಿ ರೆಕ್ಕೆಯಿರುವ ಕಾಯಿ, ಕಾಗದದಂತೆ ತೆಳುವು, ಅಂಚು ಕೆಂಪು.

"ದೊಡ್ಡಪ್ಪಾ, ಇದು ನಮ್ಮ ಬಂದರಕಿ ಗಿಡ ಅಲ್ಲೇನ್ರಿ?" ಎಂದು ಹುಡುಗನೇ ಮೊದಲು ಹೇಳಿದನು.

ಹೌದು, ಬಂದರಿಕೆ. ಫಲಕದ ಮೇಲೆ ಡೊಡೊನಿಯಾ ವಿಸ್ಕೋಸಾ ಎಂದು ಬರೆದಿತ್ತು. ಜಗತ್ತಿನ ಬಿಸಿ ನಾಡುಗಳಲ್ಲೆಲ್ಲ ಮನುಷ್ಯನ ಸಹಾಯವಿಲ್ಲದೆ ಹರಡಿಕೊಂಡಿರುವ ಗಿಡವಿದು. ಆಫ್ರಿಕಾದ ಆ ತುದಿಯಲ್ಲಿಯೂ ನೆಲದ ಗಿಡ, ನಮ್ಮ ಬಯಲುಸೀಮೆಯ ಗುಡ್ಡಗಳಲ್ಲಿಯೂ ನೆಲದ ಗಿಡ. ಅವರ ಖೋಯಿ ಜನರು ಜ್ವರ ನೆಗಡಿಗಳಿಗೆ ಇದರ ಕಷಾಯ ಕುಡಿಯುತ್ತಿದ್ದರೆಂದು ತಾಯಿಯವರು ಹೇಳಿದರು. ನಮ್ಮಲ್ಲಿ ಉಳುಕಿಗೆ, ಮುರಿದ ಮೂಳೆಗೆ ಇದರ ಎಲೆ ಕಟ್ಟುತ್ತಾರೆ. ನಿಮ್ಮ ಊರಿನಲ್ಲಿ ಇದನ್ನು ಹೇಗೆ ಕಾಪಾಡಿದ್ದೀರಿ ಎಂದು ಅವರು ಸಹಜವಾಗಿ ಕೇಳಿದರು. ಹುಡುಗನು ನಮ್ಮ ಮುಖ ನೋಡಿದನು. ನಾವು ಉತ್ತರ ಕೊಡಲಿಲ್ಲ.

ಕಾರಣವಿಷ್ಟು. ನಮ್ಮೂರಿನಲ್ಲಿ ಬಡ ವಿದ್ಯಾರ್ಥಿಗಳ ಪ್ರಸಾದನಿಲಯವೊಂದಿದೆ. ಅದರ ಸಮಿತಿಯಲ್ಲಿ ನಾವೂ ಒಬ್ಬರು. ಕಟ್ಟಡದ ಹಿಂದೆ 4 ಎಕರೆಯಷ್ಟು ಕಲ್ಲುಗುಡ್ಡದ ಓರೆ. ಅಲ್ಲಿ ಬಂದರಿಕೆ, ತಂಗಡಿ, ಕವಳಿ, ಕಾರೆ, ಬಾರೆ, ನಾಲ್ಕಾರು ಮುತ್ತುಗದ ಮರ. 'ಹಾಳು ಕುರುಚಲು, ಹಾವು ಹರಿದಾಡುವ ಜಾಗ, ಸಮತಟ್ಟು ಮಾಡಿಸಿ ಚೆಂದದ ಉದ್ಯಾನ ಮಾಡಿಸೋಣ' ಎಂಬ ಸೂಚನೆಯನ್ನು ಆಷಾಢದ ಸಭೆಯಲ್ಲಿ ಮಂಡಿಸಿದವರು ಬೇರೆ ಯಾರೂ ಅಲ್ಲ, ನಾವೇ. ಎಲ್ಲರೂ ಒಪ್ಪಿದರು. ಗುತ್ತಿಗೆದಾರರು ಕೊಟ್ಟ ಗಿಡಗಳ ಪಟ್ಟಿಗೆ ಮೊದಲ ಸಹಿ ನಮ್ಮದು. ಮಡಗಾಸ್ಕರಿನ ಗುಲ್‌ಮೊಹರ್, ದಕ್ಷಿಣ ಅಮೆರಿಕದ ಜಕರಂಡ, ಆಸ್ಟ್ರೇಲಿಯಾದ ನೀಲಗಿರಿ, ಮತ್ತೆ ಹುಲ್ಲುಹಾಸು. ನಮ್ಮ ನೆಲದ್ದೊಂದೂ ಆ ಪಟ್ಟಿಯಲ್ಲಿರಲಿಲ್ಲ. ಇದು ನಮಗೆ ತಿಳಿದದ್ದು ಆ ದಿನ, ಆ ಪೊದೆಯ ಮುಂದೆ.

ನಾವು ಮಠದಲ್ಲಿ ಓದುವಾಗ ಅಮರಕೋಶದ ವನೌಷಧಿವರ್ಗವನ್ನು ಕಂಠಪಾಠ ಮಾಡಿದವರು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಂದೊಂದು ಮರಕ್ಕೆ ಐದಾರು ಪರ್ಯಾಯ ಪದ ಹೇಳಬಲ್ಲೆವು. ಪಲಾಶವೆಂದರೆ ಕಿಂಶುಕ, ಪರ್ಣ ಎಂದು ಒಪ್ಪಿಸಿದ ನಾಲಿಗೆಗೆ, ಹಿತ್ತಿಲ ಗುಡ್ಡದ ಮುತ್ತುಗವನ್ನು ಕಡಿಯಬೇಡಿರೆಂದು ಹೇಳಲು ಬರಲಿಲ್ಲ. ಆ ಎಲೆಯ ಪತ್ರಾವಳಿಯಲ್ಲಿಯೇ ಹನ್ನೆರಡು ವರ್ಷ ಪ್ರಸಾದ ಉಂಡ ಬಾಯಿ ಇದು.

ಪರದೇಶದ ಗಿಡಗಳೆಲ್ಲ ಕೆಟ್ಟವೆಂದು ನಾವು ಹೇಳುತ್ತಿಲ್ಲ. ಮೆಣಸಿನಕಾಯಿ ಅಮೆರಿಕ ಖಂಡದಿಂದ ಬಂದದ್ದು. ಅದಿಲ್ಲದೆ ಬ್ಯಾಡಗಿಯೂ ಇಲ್ಲ, ನಮ್ಮ ಖಾರದ ಪುಡಿಯೂ ಇಲ್ಲ. ಸೀತಾಫಲ, ಶೇಂಗಾ, ಗೋವಿನಜೋಳಗಳೂ ಅಲ್ಲಿಯವೇ. ಹೈದರಾಲಿ 1760ರಲ್ಲಿ ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗ್ ದೇಶದೇಶದ ಗಿಡಗಳನ್ನು ತರಿಸಿಯೇ ಹೆಸರಾಯಿತು, ಅದರ ಉಪಕಾರ ದೊಡ್ಡದು. ಆದರೆ ಬಂದವರಲ್ಲಿ ಕೆಲವರು ಮನೆಯವರನ್ನೇ ಹೊರಗೆ ಹಾಕುವವರಿದ್ದಾರೆ. ಅಂದಕ್ಕೆಂದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದ ಲಂಟಾನ ಇಂದು ನಮ್ಮ ಕಾಡುಗಳನ್ನು ನುಂಗುತ್ತಿದೆ. ಕೇಪ್‌ಟೌನಿನವರಿಗೂ ಇದೇ ಗೋಳು. ಮರಳು ಹಿಡಿದು ನಿಲ್ಲಿಸಲು, ತೊಗಲು ಹದ ಮಾಡುವ ತೊಗಟೆಗೆ, ಸೌದೆಗೆ ಎಂದು ಆಸ್ಟ್ರೇಲಿಯಾದಿಂದ ತರಿಸಿದ ಅಕೇಶಿಯಾಗಳು ಅವರ ಬೆಟ್ಟಗಳನ್ನು ಏರಿವೆ. ನಮ್ಮ ಪಟ್ಟಿಯ ನೀಲಗಿರಿಯೂ ಅಲ್ಲಿ ಅದೇ ಸಾಲಿಗೆ ಸೇರಿದೆ. ಕುರುಚಲು ಕುಡಿಯುವುದಕ್ಕಿಂತ ಹೆಚ್ಚು ನೀರನ್ನು ಈ ಮರಗಳು ಕುಡಿಯುತ್ತವೆ. ಆದ್ದರಿಂದ ಹೊಳೆಗಳ ಹುಟ್ಟಿನ ಜಾಗಗಳಲ್ಲಿ ಅವನ್ನು ಕಡಿಯುವ ಕೆಲಸವನ್ನು 1995ರಲ್ಲಿ ಅಲ್ಲಿನ ಸರಕಾರ ಬಡವರಿಗೆ ಕೂಲಿ ಕೊಟ್ಟು ಆರಂಭಿಸಿತು. 2018ರಲ್ಲಿ ಕೇಪ್‌ಟೌನಿನ ಕೊಳಾಯಿಗಳು ಬತ್ತುವ ದಿನವನ್ನೇ ಎಣಿಸುವಂತಾದಾಗ ಈ ಲೆಕ್ಕ ಎಲ್ಲರ ಬಾಯಲ್ಲಿಯೂ ಬಂದಿತಂತೆ. ಹಸಿರಾಗಿರುವುದೆಲ್ಲ ನೀರು ಉಳಿಸುತ್ತದೆಂದು ನಾವು ಆ ದಿನದವರೆಗೂ ತಿಳಿದಿದ್ದೆವು.

ಉದ್ಯಾನದ ನಡುವೆ ಹಕ್ಕಿಯ ಆಕಾರದಲ್ಲಿ ಇಟ್ಟಿಗೆಯಿಂದ ಕಟ್ಟಿದ ಹಳೆಯ ಒರತೆಯ ಕೊಳವಿದೆ. ಕರ್ನಲ್ ಬರ್ಡ್ ಎಂಬವನು ಕಟ್ಟಿಸಿದ್ದು. ತಿಳಿಯಾದ ನೀರು, ಮೇಲೆ ಮರಜರೀಗಿಡಗಳ ನೆರಳು. ಅದರ ಬಳಿಯ ಕಲ್ಲಿನ ಮೇಲೆ ಕುಳಿತು ನಾವು ಹುಡುಗನನ್ನು ಕೇಳಿದೆವು, "ಈಗ ಊರಿಗೆ ಫೋನು ಮಾಡಬಹುದೇನಪ್ಪಾ?"

"ಮಾಡಬಹುದ್ರಿ. ಇಲ್ಲೆ ಐದು ಗಂಟೆ, ಅಲ್ಲೆ ರಾತ್ರಿ ಎಂಟೂವರಿ."

ಕೆಲಸವನ್ನು ಮಹಾನವಮಿ ಕಳೆದ ಮೇಲೆ ಆರಂಭಿಸುವುದೆಂದು ಮಾತಾಗಿತ್ತು. ಇನ್ನೂ ಕಾಲವಿದೆಯೆಂಬ ಧೈರ್ಯದಲ್ಲಿ ನಾವಿದ್ದೆವು. ಫೋನು ಎತ್ತಿದವರು ಪ್ರಸಾದನಿಲಯದ ಮೇಲ್ವಿಚಾರಕರು. ನಾವು ವಿಷಯವನ್ನು ಹೇಳುವ ಮೊದಲೇ ಅವರು ಸಂತೋಷದಿಂದ ವರದಿ ಒಪ್ಪಿಸಿದರು. "ಅಪ್ಪಾರ, ನಿಮ್ಮ ಕೆಲಸ ಸುರು ಆಗೇದ್ರಿ. ಯಂತ್ರ ಖಾಲಿ ಇತ್ತಂತ, ಮೊನ್ನೇನ ಬಂತು. ಎರಡು ದಿನದಾಗ ಕೆಳಗಿಂದೆಲ್ಲಾ ಸಾಪ ಆತು. ಮ್ಯಾಲಿಂದು ಅಷ್ಟ ಉಳದೇತ್ರಿ. ಕಲ್ಲಿಗೆ ಬಡದು ಯಂತ್ರದ ಹಲ್ಲು ಮುರದಾವು."

ಹಲ್ಲು ಮುರಿದದ್ದು ನಮಗೆ ಎಷ್ಟು ಹಿತವಾಯಿತೆಂಬುದನ್ನು ಬರೆಯಲು ಸಂಕೋಚವಾಗುತ್ತದೆ. ನಾವು ಬರುವವರೆಗೆ ಮುಂದಿನ ಕೆಲಸ ನಿಲ್ಲಿಸಿರಿ ಎಂದು ತಿಳಿಸಿದೆವು. ಅವರಿಗೆ ಅರ್ಥವಾಗಲಿಲ್ಲ. ಎರಡು ಸಲ ಹೇಳಬೇಕಾಯಿತು.

ಊರಿಗೆ ಹಿಂದಿರುಗಿದ ಮರುದಿನ ಬೆಳಿಗ್ಗೆ ಗುಡ್ಡಕ್ಕೆ ಹೋದೆವು. ಎರಡೂವರೆ ಎಕರೆ ಬೋಳಾಗಿ ಕೆಂಪು ಮಣ್ಣು ಎದ್ದಿತ್ತು. ಮುತ್ತುಗದ ಮರಗಳಲ್ಲಿ ಒಂದು ಮಾತ್ರ ಉಳಿದಿತ್ತು. ಹಿಂಗಾರು ಮಳೆ ಎರಡು ಸಲ ಬಿದ್ದಿದ್ದರಿಂದ ಆ ಕೆಂಪು ಮಣ್ಣಿನಲ್ಲಿ ಆಗಲೇ ಹಸಿರು ಮೂಡಿತ್ತು. ಹತ್ತಿರ ಹೋಗಿ ನೋಡಿದರೆ ಎಲ್ಲವೂ ಕಾಂಗ್ರೆಸ್ ಕಸ. ಅದೂ ಅಮೆರಿಕದ್ದೇ. 1950ರ ದಶಕದಲ್ಲಿ ಪುಣೆಯ ಕಡೆ ಮೊದಲು ಕಣ್ಣಿಗೆ ಬಿದ್ದು, ಈಗ ಕಾಣದ ಊರಿಲ್ಲ. ನೆಲ ಕೆದರಿದ ಕಡೆ ಎಲ್ಲರಿಗಿಂತ ಮೊದಲು ಬರುವ ಅತಿಥಿ.

ಕುರಿ ಕಾಯುವ ಮುದುಕನೊಬ್ಬನು ನಮ್ಮನ್ನು ಕಂಡು ಬಂದನು. ಕವಳಿ ಹಣ್ಣಿನ ಪೊದೆಗಳು ಯಾವ ಕಡೆ ಇದ್ದವು, ಚೈತ್ರ ವೈಶಾಖದಲ್ಲಿ ಹೆಣ್ಣುಮಕ್ಕಳು ಬುಟ್ಟಿ ತಂದು ಎಷ್ಟು ಹಣ್ಣು ಒಯ್ಯುತ್ತಿದ್ದರು, ಕೌಜುಗ ಎಲ್ಲಿ ಮೊಟ್ಟೆಯಿಡುತ್ತಿತ್ತು ಎಂಬುದನ್ನೆಲ್ಲ ಕೋಲಿನಿಂದ ತೋರಿಸಿದನು. "ನಮ್ಮನ್ನೊಂದು ಮಾತು ಕೇಳಿದ್ರ ಹೇಳ್ತಿದ್ವಿರೀ ಅಪ್ಪಾರ" ಎಂದನು. ನಮ್ಮಲ್ಲಿ ಉತ್ತರವಿರಲಿಲ್ಲ. ಕೇಪ್‌ಟೌನಿನ ಹಳೆಯ ಬೇಲಿ ಕಣ್ಣ ಮುಂದೆ ಬಂದಿತು.

ಮೇಲಿನ ಒಂದೂವರೆ ಎಕರೆಯಲ್ಲಿ ಏನೇನು ಉಳಿದಿದೆಯೆಂದು ನಿಲಯದ ಹುಡುಗರು ಆ ಮುದುಕನನ್ನು ಜೊತೆಗಿಟ್ಟುಕೊಂಡು ಪಟ್ಟಿ ಮಾಡಿದ್ದಾರೆ. ಈವರೆಗೆ 38 ಹೆಸರುಗಳಾಗಿವೆ. ಏಳಕ್ಕೆ ಮುದುಕನಿಗೂ ಹೆಸರು ತಿಳಿಯದು, ನಮ್ಮ ಅಮರಕೋಶಕ್ಕೂ ತಿಳಿಯದು. ಅವುಗಳ ಚಿತ್ರ ಬರೆದಿಟ್ಟಿದ್ದಾರೆ. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮುನ್ನ ಕೈಗೆ ಚೀಲ ಕಟ್ಟಿಕೊಂಡು ಕೀಳುತ್ತಿದ್ದಾರೆ. ಬಂದರಿಕೆಯ ಬೀಜದ ತೊಗಲು ಗಟ್ಟಿ, ಬಿಸಿನೀರಿನಲ್ಲಿ ನೆನೆಸಿ ಬಿತ್ತಿದರೆ ಬೇಗ ಮೊಳೆಯುತ್ತದೆ. ಮೊದಲ ಸಲ ನೀರು ತೀರ ಕುದಿದು ಒಂದೂ ಬರಲಿಲ್ಲ. ಎರಡನೆಯ ಸಲ ನೂರಕ್ಕೆ ನಲವತ್ತೆರಡು ಬಂದವು.

ಸಮಿತಿಯ ಸಭೆಯಲ್ಲಿ ನಮ್ಮ ತಪ್ಪನ್ನು ನಾವೇ ಹೇಳಿ, ಹಳೆಯ ಠರಾವನ್ನು ರದ್ದುಮಾಡಬೇಕೆಂದು ಕೇಳಿಕೊಂಡೆವು. ಹಿರಿಯ ಸದಸ್ಯರೊಬ್ಬರು ನಕ್ಕು, "ಬಂದರಕಿ ನೋಡಾಕ ಯಾರ ಬರ್ತಾರ್ರೀ ಶಾಸ್ತ್ರಿಗಳ?" ಎಂದರು. ನಾವು ಸಾವಿರಾರು ಮೈಲಿ ಹೋಗಿ, ಟಿಕೆಟು ಕೊಂಡು ಅದನ್ನು ನೋಡಿ ಬಂದದ್ದನ್ನು ಹೇಳಿದೆವು. ಮಿಕ್ಕವರು ನಕ್ಕರು, ಅವರು ನಗಲಿಲ್ಲ. ಗುತ್ತಿಗೆದಾರರಿಗೆ ಕೊಟ್ಟ ಮುಂಗಡ ಹಣ ಹಿಂದೆ ಬರುವಂತಿಲ್ಲ. ಅದನ್ನು ಕಂತುಗಳಲ್ಲಿ ತುಂಬಿಕೊಡಲು ನಾವು ಒಪ್ಪಿದ್ದೇವೆ. ಠರಾವಿನ ವಿಷಯ ಮುಂದಿನ ಸಭೆಗೆ ಹೋಗಿದೆ.